ನನ್ನ ಫೋಟೋ ಕೊಂಡುಹೋದ ಸ್ವಾಮಿ

ಹೊಗೆಸೊಪ್ಪು ಮುರಿಯುವ ತಿಂಗಳುಗಳಲ್ಲಿ ಚರ್ಚಿನ ಸ್ವಾಮಿಗಳ ಬೆರಳುಗಳು ಕರ್ರಗಿರುತ್ತಿದ್ದವು. ಹಸಿ ಎಲೆಯ ಅಂಟು ಒಮ್ಮೆ ಮೆತ್ತಿಕೊಂಡರೆ ಸೋಪಿಗೂ ಜಗ್ಗುವುದಿಲ್ಲ, ಹುಣಸೆಹಣ್ಣಿಗೂ ಜಗ್ಗುವುದಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ಆ ಬೆರಳುಗಳಿಂದಲೇ ಬಿಳಿಯ ಪರಮಪ್ರಸಾದವನ್ನು ಎತ್ತಿ ಹಿಡಿಯುತ್ತಿದ್ದರು. ನಾವು ಅವರ ಮತದವರಲ್ಲ. ಬಾಗಿಲ ಬಳಿ ನಿಂತು ಇಣುಕುತ್ತಿದ್ದ ನನಗೆ, ಇಷ್ಟು ಕೊಳೆ ಕೈಯಿಂದ ಕೊಟ್ಟದ್ದನ್ನು ಜನ ಹೇಗೆ ತಿನ್ನುತ್ತಾರಪ್ಪಾ ಅನ್ನಿಸುತ್ತಿತ್ತು.

ಹುಣಸೂರಿನಿಂದ ಗಾವಡಗೆರೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಾಚೆ ಚರ್ಚು, ಅದರ ಶಾಲೆ, ಪಕ್ಕದಲ್ಲಿ ಚರ್ಚಿಗೆ ಸೇರಿದ ಹೊಲ, ಹೊಲದಲ್ಲಿ ಸೌದೆ ಉರಿಸಿ ಸೊಪ್ಪು ಬೇಯಿಸುವ, ಬ್ಯಾರನ್ನು ಎಂಬ ಎತ್ತರದ ಮನೆ. ಅವ್ವ ಅಲ್ಲಿ ಕಡ್ಡಿಗೆ ಎಲೆ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಸ್ವಾಮಿಗಳು ಮೇಲ್ವಿಚಾರಣೆಗೆಂದು ಕುರ್ಚಿ ಹಾಕಿಕೊಂಡು ಕೂತವರಲ್ಲ. ಬಿಳಿ ನಿಲುವಂಗಿಯನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿ, ಹೆಂಗಸರ ಸಾಲಿನಲ್ಲೇ ಕೂತು ಎಲೆ ಕಟ್ಟುತ್ತಿದ್ದರು. ಕೊಳ್ಳೇಗಾಲದ ಕಡೆಯ ಒಕ್ಕಲು ಮನೆಯಿಂದ ಬಂದವರು, ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಯಾರು ಎದುರಾದರೂ ಮೊದಲ ಪ್ರಶ್ನೆ, "ಉಂಡ್ಯಾ?" ಪೊಲೀಸಿನವರು ಎದುರಾದರೂ ಅದೇ. ಕೀರ್ತನೆ ಹಾಡುವವರು ವಿಪರೀತ ಕಿರುಚಿದರೆ, "ಮೆತ್ತಗೆ ಕಣ್ರಪ್ಪಾ, ದೇವ್ರೇನು ಕಿವುಡನಾ?" ಎನ್ನುತ್ತಿದ್ದರು. ನಗುವಾಗ ಇಡೀ ಮೈ ಕುಲುಕುತ್ತಿತ್ತು.

ನನ್ನನ್ನು ಕಂಡರೆ ಅವರಿಗೆ ಬೇರೆಯದೇ ಅಕ್ಕರೆ. ಶಾಲೆಗೆ ಸೇರಿಸಿದವರು ಅವರೇ. ನನ್ನ ಇಬ್ಬರು ಅಕ್ಕಂದಿರಿಗೆ ಸಿಗದ ಬಣ್ಣದ ಪೆನ್ಸಿಲ್ಲು, ರಿಬ್ಬನ್ನು ನನಗೆ ಸಿಗುತ್ತಿದ್ದವು. "ಇದು ನನ್ ಕೂಸು" ಎಂದು ಬಂದ ಅತಿಥಿಗಳಿಗೆ ಹೇಳುತ್ತಿದ್ದರು. ಯಾಕೆ ಎಂದು ನಾನು ಕೇಳಿದವಳಲ್ಲ. ಪ್ರೀತಿಗೆ ಕಾರಣ ಕೇಳುವ ವಯಸ್ಸಲ್ಲ ಅದು.

ತೊಂಬತ್ತರ ದಶಕದ ಕೊನೆಗೆ, ನಾನು ಐದನೇ ತರಗತಿಯಲ್ಲಿದ್ದಾಗ, ಸ್ವಾಮಿಗಳು ಫಿಲಿಪೈನ್ಸ್ ದೇಶಕ್ಕೆ ಹೋಗುತ್ತಾರೆಂದು ಸುದ್ದಿಯಾಯಿತು. ಪಾದ್ರಿಗಳಾಗಲು ಓದುವ ಗುರುಮಠದಲ್ಲಿ ಅವರ ಜೊತೆಗಿದ್ದ ಇನ್ನೊಬ್ಬ ಪಾದ್ರಿ ಅಲ್ಲಿದ್ದರು. ಗರ್ಭದಲ್ಲಿರುವ ಜೀವವನ್ನು ಕೊಲ್ಲಬಾರದು ಎಂದು ಊರೂರಿನ ಚರ್ಚುಗಳಲ್ಲಿ ಬೋಧಿಸಲು ಒಂದು ತಂಡ ಕಟ್ಟಿಕೊಂಡಿದ್ದರು. ಇಂಡಿಯಾದ ಹಳ್ಳಿಯಲ್ಲಿ ಕೆಲಸ ಮಾಡಿದವನೊಬ್ಬ ಬಂದು ಮಾತಾಡಲಿ ಎಂದು ಕರೆಸಿಕೊಂಡಿದ್ದರು. ಮೈಸೂರು ದಾಟಿದರೆ ತಲೆನೋವು ಬರುತ್ತದೆ ಎನ್ನುತ್ತಿದ್ದ ಸ್ವಾಮಿಗಳು ಸಮುದ್ರ ದಾಟಲು ಹೊರಟರು. ಹೋಗುವ ಮೊದಲು ನನ್ನನ್ನು ಶಾಲೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಎರಡೂ ಜಡೆಗಳನ್ನು ಮುಂದಕ್ಕೆ ತಂದು, "ನಗು ಕೂಸು" ಎಂದು ಫೋಟೋ ತೆಗೆಸಿದರು. ಅವ್ವನನ್ನು ಕೇಳಿದ್ದರು. "ತಕ್ಕಳಿ ಸ್ವಾಮಿ, ಅದ್ಕೇನಂತೆ" ಎಂದಿದ್ದಳು ಅವ್ವ. ವಿಮಾನದಲ್ಲಿ ನನ್ನ ಫೋಟೋ ಹೋಗುತ್ತದೆಂದು ನಾನು ಊರೆಲ್ಲ ಸಾರಿದೆ.

ತಿರುಗಿ ಬಂದಾಗ ಅವರ ಮುಖ ಬೆಳಗುತ್ತಿತ್ತು. ಒಣಗಿಸಿದ ಮಾವಿನಹಣ್ಣಿನ ಸಿಹಿ ಚೂರುಗಳನ್ನು ತಂದು ಶಾಲೆಗೆಲ್ಲ ಹಂಚಿದರು. ಮುಂದಿನ ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನ ಕಿಟಕಿ ಬಾಗಿಲುಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿ, ಬಿಳಿ ಬೆಡ್‌ಶೀಟಿನ ಮೇಲೆ ಪ್ರೊಜೆಕ್ಟರಿನಿಂದ ಅಲ್ಲಿನ ಚಿತ್ರಗಳನ್ನು ತೋರಿಸಿದರು. ಊರಿಗೆ ಊರೇ ಸೇರಿತ್ತು. ಸಮುದ್ರ ಬಂತು, ತೆಂಗಿನ ಮರ ಬಂತು, "ನಮ್ ಮರ ಇದ್ದಂಗೇ ಅವೆ ಕಣ್ಲಾ" ಎಂದು ಯಾರೋ ಅಂದರು. ದೊಡ್ಡ ದೊಡ್ಡ ಚರ್ಚುಗಳು ಬಂದವು. ಆಮೇಲೆ ಒಂದು ವೇದಿಕೆ. ವೇದಿಕೆಯ ಮೇಲೆ ಸ್ವಾಮಿಗಳು ಕೈ ಎತ್ತಿ ಮಾತಾಡುತ್ತಿದ್ದಾರೆ. ಅವರ ಹಿಂದೆ ಗೋಡೆಯಗಲ ನಾನು, ಎರಡು ಜಡೆ, ನಗು.

ಹಾಲಿನಲ್ಲಿ ಹುಯಿಲೆದ್ದಿತು. ನನ್ನ ಎದೆ ಉಬ್ಬಿತು. ಆ ಉಬ್ಬು ಹೆಚ್ಚು ಹೊತ್ತು ಉಳಿಯಲಿಲ್ಲ.

ಸ್ವಾಮಿಗಳು ಅಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳತೊಡಗಿದ್ದರು. ಮೈಸೂರಲ್ಲಿ ಸ್ಕ್ಯಾನಿಂಗ್ ಮಾಡಿಸಿ, ಮೂರನೆಯದೂ ಹೆಣ್ಣೆಂದು ತಿಳಿದು, ಈ ಮಗುವನ್ನು ಹೊಟ್ಟೆಯಲ್ಲೇ ತೆಗೆಸಲು ಮನೆಯವರು ಹೊರಟಿದ್ದರು. ಆ ತಾಯಿ ಎಲೆ ಕಟ್ಟುತ್ತ ತಮ್ಮ ಬಳಿ ಅತ್ತಳು. ಅವರು ಹೊರಟ ದಿನ ತಾವು ಲೂನಾ ಮೊಪೆಡ್ ಏರಿ ಹುಣಸೂರು ಬಸ್ ಸ್ಟ್ಯಾಂಡಿಗೆ ಓಡಿದರು. "ಇವತ್ತು ಈ ಕೂಸು ಬದುಕೈತೆ ಅಂದ್ರೆ ಅವತ್ತು ಆ ಬಸ್ಸು ತಪ್ಪಿದ್ದಕ್ಕೆ. ಅಲ್ಲಿನ ಜನ ಕೇಳಿ ಅತ್ತುಬುಟ್ರು ಕಣ್ರಪ್ಪಾ!" ಎಂದರು. ಅವರ ದನಿಯಲ್ಲಿ ಕೇಡಿರಲಿಲ್ಲ. ನಮ್ಮೂರಿನ ಕೂಸಿನ ಕತೆ ಅಷ್ಟು ದೂರ ಹೋಯಿತಲ್ಲ ಎಂಬ ಬರೀ ಸಂತೋಷವಿತ್ತು.

ನನ್ನ ಪಕ್ಕ ಕೂತಿದ್ದ ಗೆಳತಿ ಕಿವಿಯಲ್ಲಿ ಕೇಳಿದಳು, "ನಿನ್ನ ತೆಗ್ಸಾಕೆ ಓಗಿದ್ರೇನೇ?"

ಹಿಂದೆ ತಿರುಗಿ ನೋಡಿದೆ. ಅವ್ವ ಬಾಗಿಲ ಬಳಿ ಕೂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಯಾರನ್ನೂ ನೋಡದೆ ಎದ್ದು ಹೊರಗೆ ನಡೆದಳು. ಅವಳು ಎತ್ತಿದ ಕಂಬಳಿಯ ಸಂದಿಯಿಂದ ಬಿಸಿಲು ಒಳಗೆ ನುಗ್ಗಿ ಪರದೆಯ ಮೇಲಿನ ನನ್ನ ಮುಖ ಬೆಳ್ಳಗಾಯಿತು.

ಮನೆಗೆ ಬಂದಾಗ ಅವ್ವ ಒಲೆ ಮುಂದೆ ಮುದ್ದೆ ತೊಳಸುತ್ತಿದ್ದಳು. "ನಿಜವಾ ಅವ್ವಾ?" ಎಂದೆ. ಅವಳು ಕೋಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಊಂ."

"ಯಾರು ಕರ್ಕೊಂಡು ಹೋಗಿದ್ದು?"

"ನಿಮ್ಮಜ್ಜಿ ಬಂದಿದ್ಲು ಜೊತೇಲಿ. ಅವ್ಳೇ ಕರ್ಕಂಡೋದ್ಲು ಅಂತ ಏಳುದ್ರೆ ಸುಳ್ಳಾಯ್ತದೆ ಮಗಾ. ನಂಗೂ ಸಾಕಾಗಿತ್ತು. ನಾನೂ ಹೊಂಟಿದ್ದೆ."

ಅಜ್ಜಿ ನಡುಮನೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ದಿನವೂ ಮಜ್ಜಿಗೆ ಕಡೆದ ಮೇಲೆ ಬೆಣ್ಣೆಯ ಮೊದಲ ಉಂಡೆಯನ್ನು ನನ್ನ ಬಾಯಿಗಿಡುತ್ತಿದ್ದ ಅಜ್ಜಿ ಅವಳು. ಮಾರನೆಯ ದಿನದಿಂದ ಉಂಡೆಯನ್ನು ತಟ್ಟೆಯಲ್ಲಿಟ್ಟು ಒಲೆ ಪಕ್ಕ ಬಿಟ್ಟು ಹೋಗತೊಡಗಿದಳು. ನನ್ನ ಕಡೆ ನೋಡುತ್ತಿರಲಿಲ್ಲ. ಒಂದು ದಿನ ಹಟ್ಟಿಯಲ್ಲಿ ಸಗಣಿ ಬಾಚುತ್ತ, ಬೆನ್ನು ಹಾಕಿಯೇ ಕೇಳಿದಳು, "ನನ್ ಮ್ಯಾಲೆ ಕ್ವಾಪನಾ ಮಗಾ?" ನಾನು ಒಳಗೆ ಹೋಗಿ ಬೆಣ್ಣೆ ತಿಂದು ಬಂದು, "ತಿಂದೆ ಅಜ್ಜಿ" ಎಂದೆ.

ಶಾಲೆಯಲ್ಲಿ ನನಗೆ 'ಉಳ್ಕಂಡೋಳು' ಎಂದು ಹೆಸರು ಬಿತ್ತು. ಆಟದಲ್ಲಿ ಔಟಾಗದೆ ಉಳಿದರೂ ಅದೇ ಮಾತು, ಎಲ್ಲರೂ ಹೋದ ಮೇಲೆ ಕ್ಲಾಸಿನಲ್ಲಿ ಉಳಿದರೂ ಅದೇ ಮಾತು. ನಾನೇನೂ ತಪ್ಪು ಮಾಡಿರಲಿಲ್ಲ. ಆದರೂ ನಾಚಿಕೆ ನನ್ನದೇ ಆಯಿತು. ಯಾರಿಗೂ ಬೇಡವಾಗಿದ್ದವಳು ಎಂಬುದು ಮೈಮೇಲೆ ಬರೆದಂತೆ ಕಾಣುತ್ತದೇನೋ ಎಂದು ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದೆ.

ಅವ್ವ ಚರ್ಚಿನ ಹೊಲದ ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಸ್ವಾಮಿಗಳು ಕಾರಣ ಕೇಳಲು ಮನೆಗೆ ಬಂದರು. ಅವರ ಕೈಯಲ್ಲಿ ಇನ್ನೊಂದು ಮಾವಿನ ಚೂರಿನ ಪೊಟ್ಟಣವಿತ್ತು. ಅವ್ವ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು.

"ಸ್ವಾಮಿ, ನಾನು ನಿಮ್ ತಾವ ಏಳ್ಕಂಡಿದ್ದು ನನ್ ಕಷ್ಟ. ನೀವದ್ನ ಪರದೆ ಮ್ಯಾಲೆ ಬುಟ್ರಿ."

"ಅಯ್ಯೋ, ನಿನ್ ಎಸ್ರು ಏಳ್ಲಿಲ್ವಲ್ಲವ್ವ ನಾನು..."

"ಮಗೀನ ಮಕ ತೋರ್ಸಿದ್ ಮ್ಯಾಲೆ ನನ್ ಎಸ್ರು ಯಾಕ್ ಬೇಕು? ಅಲ್ಲಿ ಅತ್ತೋರು ಬಂದು ಇವ್ಳ ಕಣ್ಣೀರು ಒರುಸ್ತಾರಾ? ಬಸ್ಸು ತಪ್ತು ಅಂದ್ರಿ. ಬಸ್ಸು ತಪ್ಪಲಿಲ್ಲ ಸ್ವಾಮಿ. ಬಸ್ಸು ಬಂದಿತ್ತು. ನಾನು ಹತ್ಲಿಲ್ಲ."

ಸ್ವಾಮಿಗಳ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಂಡೆ. ದೊಡ್ಡವರ ಮುಖ ಹಾಗಾಗುವುದನ್ನು ಅದುವರೆಗೆ ಕಂಡಿರಲಿಲ್ಲ. ಜಗಲಿಯ ಮೇಲೆ ಕುಸಿದು ಕೂತರು. ಕೈಯಲ್ಲಿದ್ದ ಪೊಟ್ಟಣವನ್ನು ಪಕ್ಕಕ್ಕಿಟ್ಟರು.

"ನಮ್ ಚರ್ಚಿನೋಳಾಗಿದ್ರೆ ಪಾಪನಿವೇದನೆ ಗುಟ್ಟು ಅಂತ ನಾಲಿಗೆ ಕಚ್ಕೊಂಡಿರ್ತಿದ್ದೆ ಕಣವ್ವ. ಪ್ರಾಣ ಓದ್ರೂ ಆಡ್ತಿರ್ನಿಲ್ಲ. ನೀನು ಹೊರಗಿನೋಳು ಅಂತ ಸಡ್ಲ ಬುಟ್ಟೆ. ನಿನ್ ಮಾತ್ಗೆ ಅಷ್ಟು ಬೆಲೆ ಕೊಡ್ಲಿಲ್ಲ ನಾನು." ಆಮೇಲೆ ಎದ್ದು ನಿಂತು, "ಬರೋ ಭಾನ್ವಾರ ಎಲ್ರ ಮುಂದೆ ತಪ್ಪಾಯ್ತು ಅಂತೀನಿ" ಎಂದರು.

"ಬ್ಯಾಡಿ" ಎಂದಳು ಅವ್ವ. "ನಿಮ್ ತಪ್ಪು ಏಳಾಕೂ ನನ್ ಕತೇನೇ ಏಳ್ಬೇಕಲ್ಲ. ಸುಮ್ಕಿದ್ದುಬುಡಿ."

ಎಲ್ಲರೆದುರು ಹೇಳಿ ಹಗುರಾಗುವ ದಾರಿಯೂ ಅವರಿಗೆ ಮುಚ್ಚಿತು. ಆ ಮಳೆಗಾಲವಿಡೀ ಸ್ವಾಮಿಗಳು ನಗುವಾಗ ಮೈ ಕುಲುಕಲಿಲ್ಲ. ನಾನು ಎದುರಾದರೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು, ದೊಡ್ಡವರಿಗೆ ಸರಿದಂತೆ. "ಇದು ನನ್ ಕೂಸು" ಎಂಬ ಮಾತು ಮತ್ತೆ ಬರಲಿಲ್ಲ. ಅದು ನನಗೆ ಎಷ್ಟು ನೋವು ಕೊಟ್ಟಿತೆಂದರೆ, ಒಂದು ದಿನ ಬ್ಯಾರನ್ನಿನ ಹಿಂದೆ ಸೌದೆ ಎಣಿಸುತ್ತಿದ್ದ ಅವರ ಮುಂದೆ ಹೋಗಿ ನಿಂತುಬಿಟ್ಟೆ.

"ಸ್ವಾಮಿ, ನೀವು ಅವತ್ತು ಬಸ್ ಸ್ಟ್ಯಾಂಡಿಗೆ ಬರ್ದೇ ಇದ್ದಿದ್ರೆ?"

ಅವರು ಸೌದೆಯ ಮೇಲೆ ಕೂತರು. "ನಾನೇನೂ ಮಾಡ್ಲಿಲ್ಲ ಕೂಸು. ಅಲ್ಲಿ ಜನರ ಮುಂದೆ ದೊಡ್ಡ ಮಾತಾಡ್ದೆ. ಅವತ್ತು ನಿಮ್ಮವ್ವನ ಪಕ್ದಲ್ಲಿ ಬೆಂಚಿನ ಮ್ಯಾಲೆ ಕೂತಿದ್ದೆ, ಅಷ್ಟೇಯ. ಉಂಡ್ಯಾ ಅಂದೆ, ಇಲ್ಲ ಅಂದ್ಲು. ಇಡ್ಲಿ ತಂದ್ಕೊಟ್ಟೆ. ನಿಮ್ಗೆ ಸಾಕಕ್ಕಾಗ್ದಿದ್ರೆ ನಂಗೆ ಕೊಡ್ರವ್ವ ಅಂದೆ. ನಿಮ್ಮಜ್ಜಿ ಬೈದ್ಲು. ನಿಮ್ಮವ್ವ ಇಡ್ಲಿ ತಿಂದು, ಕೈ ತೊಳ್ಕಂಡು, ಮನೆಗೋಗಾನ ಅಂದ್ಲು."

"ನಾನು ಯಾರಿಗೂ ಬೇಡವಾಗಿದ್ನಾ?"

"ಆ ಬೆಂಚಿಂದ ಎದ್ದಾಗ ಬೇಕಾಗಿದ್ದೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. "ನಿನ್ನ ಕೇಳ್ದೆ ನಿನ್ನ ತೋರ್ಸಿದ್ದು ನನ್ ತಪ್ಪು. ದೊಡ್ಡೋಳಾದ ಮ್ಯಾಲೆ, ಕ್ಷಮಿಸ್ಬೇಕು ಅನ್ಸಿದ್ರೆ ಕ್ಷಮಿಸು. ಈಗ್ಲೇ ಬ್ಯಾಡ."

ಮರುವರ್ಷ ಆ ದೇಶದಿಂದ ಮತ್ತೆ ಕರೆ ಬಂತು. ಈ ಸಲ ಫೋಟೋ ಸಾಲದು, ಹುಡುಗಿಯನ್ನೇ ಕರೆತನ್ನಿ, ವೇದಿಕೆಯ ಮೇಲೆ ನಿಲ್ಲಿಸೋಣ ಎಂದು. ಅಪ್ಪನ ಕಿವಿಗೆ ಅದು ಹೇಗೋ ಬಿತ್ತು. ಮೂರನೆಯದೂ ಹೆಣ್ಣೆಂದು ಸ್ಕ್ಯಾನಿಂಗಿನ ದಿನ ಮನೆಯಲ್ಲಿ ಪಾತ್ರೆ ಎಸೆದಿದ್ದನಂತೆ ನನ್ನಪ್ಪ. ಅವನೇ ಈಗ, "ಇಮಾನ್ದಲ್ಲಿ ಓಯ್ತಳಂತೆ ನನ್ ಮಗ್ಳು!" ಎಂದು ಕಟ್ಟೆಯ ಮೇಲೆ ಮೀಸೆ ತಿರುವಿದ. ಸ್ವಾಮಿಗಳು ಅಂದೇ ಮನೆಗೆ ಬಂದರು. ನಿಂತೇ ಹೇಳಿದರು.

"ಇವ್ಳು ತೋರ್ಸಾಕಿರೋ ವಸ್ತು ಅಲ್ಲ ಕಣಪ್ಪಾ. ಕರ್ಕಂಡೋಗಲ್ಲ ಅಂತ ತಿಳಿಸ್ಬುಟ್ಟಿವ್ನಿ. ನಾನೂ ಓಗಲ್ಲ."

ಹಾಗಂದರೆ ಅವರ ನಂಬಿಕೆ ಬದಲಾಯಿತೆಂದಲ್ಲ. ಹೊಟ್ಟೆಯಲ್ಲಿರುವುದೂ ಜೀವವೇ ಎಂದು ಕೊನೆಯವರೆಗೂ ನಂಬಿದ್ದರು. ಬದಲಾದದ್ದು ಬಾಯಿ. ಆ ವಿಷಯದ ಮೇಲೆ ಅವರು ಭಾಷಣ ಮಾಡಿದ್ದನ್ನು ಮತ್ತೆ ಯಾರೂ ಕೇಳಲಿಲ್ಲ. ಕಷ್ಟ ಹೇಳಿಕೊಳ್ಳಲು ಬಂದ ಹೆಂಗಸರಿಗೆ, "ನಂಗೆ ಮರೆವು ಜಾಸ್ತಿ ಕಣವ್ವ, ಧೈರ್ಯವಾಗಿ ಏಳ್ಕೋ" ಎನ್ನುತ್ತಿದ್ದರಂತೆ. ಹೆರಿಗೆಗೆ ದಿಕ್ಕಿಲ್ಲದವರ ಜೊತೆ ಆಸ್ಪತ್ರೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದರು. ಯಾರ ಜೊತೆ ಹೋಗಿದ್ದರೆಂದು ಯಾರಿಗೂ ಹೇಳುತ್ತಿರಲಿಲ್ಲ. ಅವ್ವ ಎರಡು ವರ್ಷದ ಮೇಲೆ ಮತ್ತೆ ಎಲೆ ಕಟ್ಟಲು ಹೋದಳು. ಇಬ್ಬರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಮಾತು ಕಡಿಮೆ.

ಆಮೇಲೆ ಅವರಿಗೆ ಹೆಗ್ಗಡದೇವನಕೋಟೆ ಕಡೆಯ ಒಂದು ಸಣ್ಣ ಚರ್ಚಿಗೆ ವರ್ಗವಾಯಿತು. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಅವ್ವನೂ ನಾನೂ ಬಸ್ಸು ಹಿಡಿದು ಹೋದೆವು.

ಮಣ್ಣು ಮಾಡುವ ಮುನ್ನ ಒಬ್ಬ ವಯಸ್ಸಾದ ಪಾದ್ರಿ ಮಾತಾಡಿದರು. ಹಿಂದೆ ಸ್ವಾಮಿಗಳನ್ನು ಫಿಲಿಪೈನ್ಸಿಗೆ ಕರೆಸಿಕೊಂಡಿದ್ದ ಗೆಳೆಯ ಅವರೇ. ಇವನೊಂದು ಮಗುವಿನ ಫೋಟೋ ತಂದಿದ್ದ, ಅದನ್ನು ಕಂಡು ಸಾವಿರಾರು ಜನ ಕರಗಿದರು, ಮತ್ತೆ ಕರೆದರೆ ಯಾಕೋ ಬರಲಿಲ್ಲ, ನನಗೆ ಕಾರಣ ಹೇಳಲೇ ಇಲ್ಲ ಎಂದರು. ಸ್ನೇಹಿತನಿಗೂ ಹೇಳಿರಲಿಲ್ಲ ಸ್ವಾಮಿಗಳು. ಅವ್ವ ಸುಮ್ಮನಿರಿ ಎಂದಿದ್ದಳು, ಸುಮ್ಮನಿದ್ದುಬಿಟ್ಟಿದ್ದರು.

ಜನ ಸಾಲಾಗಿ ಗುಂಡಿಯ ಕಡೆ ನಡೆಯುವಾಗ ಆ ಪಾದ್ರಿ ನನ್ನ ಮುಂದೆ ನಿಂತರು. ಮುಖವನ್ನೇ ದಿಟ್ಟಿಸಿ, "ಆ ಫೋಟೋದಲ್ಲಿದ್ದ ಮಗು ನೀನೇನಮ್ಮಾ?" ಎಂದರು.

ಸುತ್ತ ಜನರಿದ್ದರು. ಐದನೇ ತರಗತಿಯ ಆ ನಾಚಿಕೆ ಒಮ್ಮೆಲೇ ಮರಳಿ ಬಂತು.

"ಅಲ್ಲ" ಎಂದೆ.

ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಅವ್ವ ಕೈ ಅಡ್ಡ ಹಿಡಿದಳು. ಅಂದು ಜಗಲಿಗೆ ಬಂದ ಸ್ವಾಮಿಗಳನ್ನು ಒಳಗೆ ಕರೆಯದಿದ್ದ ಅವ್ವ, ಆ ಕತೆ ಇನ್ನೊಮ್ಮೆ ಎತ್ತಬೇಡಿ ಎಂದಿದ್ದ ಅವ್ವ, ಅಷ್ಟು ಜನರ ನಡುವೆ ಗಟ್ಟಿಯಾಗಿಯೇ ಹೇಳಿದಳು.

"ಇವ್ಳೇ ಸ್ವಾಮಿ. ತೆಗ್ಸಾಕೆ ಹೊಂಟಿದ್ದೋಳು ನಾನು. ಇವ್ಳು ನನ್ ಮಗ್ಳು."

ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, ಮೆಲ್ಲಗೆ ಮುಂದಕ್ಕೆ ನೂಕಿದಳು. "ಓಗು ಮಗಾ. ನಿನ್ ಕೈಯಾರ ಮಣ್ಣಾಕು."

ನಾನು ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡೆ.