ಮೆಟ್ಟಿಲು ಮುರಿಯದ ಕಾಲು

ನನ್ನ ಬಲಗಾಲಿನಿಂದ ಪ್ಲೇಟು ತೆಗೆದ ದಿನ ನಾನು ಎಚ್ಚರವಾಗಿಯೇ ಇದ್ದೆ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ, ಆದರೆ ಕಿವಿಗೆ ಏನೂ ಆಗಿರಲಿಲ್ಲವಲ್ಲ. ಎದೆಯ ಮುಂದೆ ಅಡ್ಡ ಕಟ್ಟಿದ್ದ ಹಸಿರು ಬಟ್ಟೆಯ ಆಚೆ ಡಾಕ್ಟರು ಸ್ಕ್ರೂ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನು ಸ್ಟೀಲ್ ತಟ್ಟೆಗೆ ಹಾಕಿದಾಗ ಟಣ್ ಅನ್ನುತ್ತಿತ್ತು. ಒಂದು ಸ್ಕ್ರೂ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಅದರ ಜೊತೆ ಗುದ್ದಾಡುತ್ತಲೇ ಡಾಕ್ಟರು ನನ್ನನ್ನು ಮಾತಿಗೆಳೆದರು.

"ಅಲ್ಲಮ್ಮ, ಎರಡು ಮೆಟ್ಟಿಲಿಂದ ಬಿದ್ದು ಮೂಳೆ ಇಷ್ಟೊಂದು ಚೂರಾಗಿತ್ತಾ? ಹಳೇ ಎಕ್ಸ್‌ರೇ ನೋಡಿದ್ರೆ ಹಾಗನ್ಸಲ್ಲ."

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ನನ್ನನ್ನೇ ಕೇಳಿದ ಮೊದಲ ಮನುಷ್ಯ ಅವರು. ಉಳಿದವರೆಲ್ಲ ನನ್ನ ಕಾಲಿನ ಸಮಾಚಾರವನ್ನು ನಮ್ಮ ಅತ್ತೆಯ ಬಾಯಿಂದ ಕೇಳಿ ತಿಳಿದವರು.

"ಮೆಟ್ಟಿಲಲ್ಲ ಸಾರ್, ಬೈಕು," ಅಂದೆ. "ನನ್ನ ಮೈದುನ ಬೀಳಿಸಿದ್ದು."

"ಹಾಗನ್ನಿ ಮತ್ತೆ," ಅಂದರು ಡಾಕ್ಟರು. ಅಷ್ಟರಲ್ಲಿ ಆ ಸ್ಕ್ರೂ ಬಂತು. ಅವರು ಮುಂದಿನದಕ್ಕೆ ಕೈ ಹಾಕಿದರು.

ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಈ ಮಾತು ಹೊರಗೆ ಬಂದರೆ ಮನೆಯೇ ಮುಳುಗುತ್ತದೆ ಅಂತ ಎರಡು ವರ್ಷ ನನ್ನ ಬಾಯಿ ಮುಚ್ಚಿಸಿದ್ದರು. ಅದು ಒಂದು ಸ್ಕ್ರೂ ಬಿಚ್ಚುವಷ್ಟು ಹೊತ್ತಿನಲ್ಲಿ ಮುಗಿದೇ ಹೋಯಿತು. ಅಲ್ಲಿ ಮಲಗಿಕೊಂಡೇ ನನಗೆ ಎಂಥ ಸಿಟ್ಟು ಬಂತೆಂದರೆ, ಕಾಲಲ್ಲಿ ಜೀವ ಇದ್ದಿದ್ದರೆ ಎದ್ದು ಹೋಗಿ, ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನವರನ್ನು ಅಲ್ಲೇ ವಿಚಾರಿಸಿಕೊಳ್ಳುತ್ತಿದ್ದೆ.

ನಡೆದದ್ದು ಹೀಗೆ. ನಮ್ಮ ಮನೆ ಶಿರಂಗಾಲದ ಕಡೆ. ಮಾವನವರ ಅಪ್ಪ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ನನ್ನವರು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಮೈದುನ ಶುಂಠಿ ವ್ಯಾಪಾರ ಅಂತ ದಿನವೂ ಕುಶಾಲನಗರಕ್ಕೆ ಓಡಾಡುವವನು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ. ಅವತ್ತು ಪೇಟೆಯಲ್ಲಿ ಲೈನಿಂಗ್ ಬಟ್ಟೆ, ದಾರ ತಗೊಂಡು ಮೈದುನನ ಬೈಕಿನ ಹಿಂದೆ ಕೂತು ಬರುತ್ತಿದ್ದೆ. ಅವನು ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕತ್ತು ಸೊಟ್ಟ ಮಾಡಿಕೊಂಡು ಶುಂಠಿ ರೇಟು ಮಾತಾಡುತ್ತಿದ್ದ.

"ನಿಲ್ಸಿ ಮಾತಾಡೋ," ಅಂದೆ.

"ಒಂದ್ನಿಮಿಷ ಅತ್ತಿಗೆ, ಆಯ್ತು," ಅಂದ.

ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಮೊಬೈಲು ಜಾರಿತು. ಅವನು ಬ್ರೇಕು ಹಿಡಿಯುವುದು ಬಿಟ್ಟು ಮೊಬೈಲು ಹಿಡಿಯಲು ಹೋದ. ಬೈಕು ಪೂರಾ ನನ್ನ ಕಾಲಿನ ಮೇಲೆ ಬಿತ್ತು. ಅವನ ಮೊಣಕೈ ಒಂದಿಷ್ಟು ತರಚಿತ್ತು. ಮೊಬೈಲಿಗೆ ಏನೂ ಆಗಿರಲಿಲ್ಲ. ಅದು ನನಗೆ ಹೇಗೆ ಗೊತ್ತೆಂದರೆ, ನನ್ನನ್ನು ಎತ್ತುವ ಮೊದಲು ಅವನು ಎತ್ತಿದ್ದು ಅದನ್ನೇ.

ಆಗಷ್ಟೇ ಅವನಿಗೆ ಹೆಣ್ಣು ಗೊತ್ತಾಗಿತ್ತು. ಆ ಹುಡುಗಿಯ ಅಣ್ಣ ಬೈಕಿನಿಂದ ಬಿದ್ದೇ ತೀರಿಕೊಂಡಿದ್ದ. ಮಾತುಕತೆಗೆ ಕೂತಾಗ ಅವಳ ಅಪ್ಪ ಜಮೀನು ಎಷ್ಟಿದೆ ಅಂತ ಕೇಳಲಿಲ್ಲ. "ಹುಡುಗ ಗಾಡಿ ಹೆಂಗೆ ಓಡುಸ್ತಾನೆ?" ಅಂತ ಕೇಳಿದರು. "ಎತ್ತಿನ ಗಾಡಿಗಿಂತ ನಿಧಾನ ಕಣಣ್ಣ," ಅಂದಿದ್ದರು ನಮ್ಮ ಅತ್ತೆ. ಹೀಗೆ ಹೇಳಿ ಬಂದು ಒಂದು ವಾರವೂ ಆಗಿರಲಿಲ್ಲ, ನಾನು ಕಾಲು ಮುರಿದುಕೊಂಡು ಆಸ್ಪತ್ರೆಯ ಸ್ಟ್ರೆಚರ್ ಮೇಲೆ ಮಲಗಿದ್ದೆ. ಹೇಗಾಯ್ತು ಅಂತ ಅಲ್ಲಿಯವರು ಕೇಳಿದರು. ರೋಡಿನಲ್ಲಿ ಬಿದ್ದದ್ದು ಅಂದರೆ ಪೊಲೀಸರಿಗೆ ತಿಳಿಸುತ್ತಾರೆ, ಊರಿಗೆಲ್ಲ ಸುದ್ದಿಯಾಗುತ್ತದೆ. "ಮೆಟ್ಲು ಜಾರ್ಬುಟ್ಲು ಕಣಪ್ಪ," ಅಂದರು ಅತ್ತೆ, ತಟ್ಟನೆ. ನಾನು ಅಮ್ಮಾ ಅಮ್ಮಾ ಅಂತ ಅರಚುತ್ತಿದ್ದೆ. ಅದನ್ನೇ ಒಪ್ಪಿಗೆ ಅಂದುಕೊಂಡರೋ ಏನೋ.

ನಿಶ್ಚಿತಾರ್ಥ ಮುಗಿಯಲಿ ಅಂದರು ನನ್ನವರು. ಆಮೇಲೆ ಮದುವೆ ಮುಗಿಯಲಿ ಅಂದರು. ಮದುವೆ ಮುಗಿದ ಮೇಲೆ, "ಪಾಪ, ಹೊಸ ಹುಡುಗಿ ಮನೆಗೆ ಬಂದಿದೆ, ಅಣ್ಣನ್ನ ಕಳ್ಕೊಂಡವಳು, ಈಗ್ಯಾಕೆ ಅವಳ ಮುಂದೆ?" ಅಂದರು. ಎಲ್ಲರನ್ನು ಕಂಡರೂ ಅವರಿಗೆ ಪಾಪ ಅನ್ನಿಸುತ್ತದೆ, ನನ್ನೊಬ್ಬಳನ್ನು ಬಿಟ್ಟು.

ಕಾಲು ನೋವನ್ನಾದರೂ ತಡೆದುಕೊಳ್ಳಬಹುದಿತ್ತು, ನೋಡಲು ಬಂದವರನ್ನು ತಡೆದುಕೊಳ್ಳುವುದು ನನ್ನ ಕೈಲಿ ಆಗುತ್ತಿರಲಿಲ್ಲ. ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬರುವರು. ಅತ್ತೆ ಕಾಫಿ ಕೊಟ್ಟು ಕತೆ ಶುರುಮಾಡುವರು. ಒಬ್ಬೊಬ್ಬರು ಬಂದು ಹೋದ ಹಾಗೆ ಆ ಕತೆ ಬೆಳೆಯಿತು. ಮೊದಲು ಬರೀ ಮೆಟ್ಟಿಲು ಜಾರಿದ್ದಾಗಿತ್ತು. ಆಮೇಲೆ ಮೆಟ್ಟಿಲಿಗೆ ಪಾಚಿ ಬಂತು. ಆಮೇಲೆ ನಾನು ಸವೆದ ಹವಾಯಿ ಚಪ್ಪಲಿ ಹಾಕಿಕೊಂಡಿದ್ದೆ. ಕೊನೆಕೊನೆಗೆ, "ಇವಳಿಗೆ ಯಾವಾಗ್ಲೂ ಅವಸರ ಕಣವ್ವ, ನಾನು ಹೇಳ್ತಾನೇ ಇದ್ದೆ," ಅಂತ ನನ್ನ ಸ್ವಭಾವದ ಮೇಲೂ ಒಂದು ಮಾತು ಸೇರಿತು. ಪಕ್ಕದ ಮನೆಯ ಮಲಯಾಳಿ ಚೇಚಿ ನನ್ನ ತಲೆ ಸವರಿ, "ನೋಡಿ ಕಾಲಿಡ್ಬಾರ್ದಾ ಮೋಳೇ?" ಅಂತ ಮಗಳನ್ನು ಕೇಳುವ ಹಾಗೆ ಕೇಳಿದರು. ಒಳ್ಳೆಯ ಹೆಂಗಸು, ಅವರ ಮೇಲೆ ನನಗೆ ಕೋಪವಿಲ್ಲ. ಬಾಗಿಲ ಹತ್ತಿರ ನಿಂತು ಅದನ್ನು ಕೇಳಿಸಿಕೊಂಡು ತಲೆಯಾಡಿಸಿದನಲ್ಲ, ನನ್ನ ಮೈದುನ, ಅವನನ್ನು ಇವತ್ತಿಗೂ ನನಗೆ ಕ್ಷಮಿಸಲಾಗಿಲ್ಲ.

ಇಷ್ಟು ಸಾಲದು ಅಂತ ನನ್ನವರು ಮೇಸ್ತ್ರಿಯನ್ನು ಕರೆಸಿದರು. ಏನೂ ಮಾಡದ ಆ ಎರಡು ಮೆಟ್ಟಿಲುಗಳನ್ನು ಉಳಿಯಲ್ಲಿ ಕೆತ್ತಿಸಿ, ಮೇಲೆ ತರಿ ಸಿಮೆಂಟು ಹಾಕಿಸಿ, ಪಕ್ಕಕ್ಕೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು ನೆಡಿಸಿದರು. ಬೀಳಿಸಿದವನಿಗೆ ಮದುವೆಯಲ್ಲಿ ಹೊಸ ಬೈಕು ಬಂತು, ಎತ್ತಿನ ಗಾಡಿಗಿಂತ ನಿಧಾನ ಅನ್ನುವ ಮಾತು ನಂಬಿದ ಹೆಣ್ಣಿನ ಅಪ್ಪನ ಉಡುಗೊರೆ. ಮೂರನೇ ಕ್ಲಾಸಿನ ನನ್ನ ಮಗಳು ಇವತ್ತಿಗೂ ಆ ಪೈಪು ಹಿಡಿದುಕೊಂಡೇ ಇಳಿಯುತ್ತಾಳೆ. "ಅಮ್ಮ ಇಲ್ಲೇ ಬಿದ್ದಿದ್ದು," ಅಂತ ಅವಳ ಫ್ರೆಂಡ್ಸಿಗೆ ತೋರಿಸುತ್ತಾಳೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೂ ಸುಳ್ಳು ಕಲಿಸಿಬಿಟ್ಟರು.

ಮೂಳೆ ಕೂಡಿತು, ಓಡಾಡುವಂತಾದೆ. ಆದರೆ ಚಳಿ ಶುರುವಾದರೆ ಪ್ಲೇಟು ಇದ್ದ ಜಾಗ ಒಳಗಿಂದ ಕೊರೆಯುತ್ತಿತ್ತು. ಮಿಷನ್ ತುಳಿದರಂತೂ ಚರ್ಮದ ಕೆಳಗೆ ಸ್ಕ್ರೂ ತಲೆ ಒತ್ತುವುದು ಕೈಗೇ ಸಿಗುತ್ತಿತ್ತು. ಅದಕ್ಕೇ ಮೈಸೂರಿಗೆ ಹೋಗಿ ತೆಗೆಸಿದ್ದು. ಬಿಡುಗಡೆ ಮಾಡುವಾಗ ಡಾಕ್ಟರು ನನ್ನವರನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಸ್ಕ್ರೂ ತೆಗೆದ ಕಡೆ ಮೂಳೇಲಿ ತೂತು ಉಳಿದಿರ್ತವೆ. ಅವು ತುಂಬಿಕೊಳ್ಳೋವರೆಗೆ ಜೋಪಾನ. ಕೆಲವು ವಾರ ವಾಕರ್ ಹಿಡ್ಕೊಂಡೇ ನಡೀಲಿ. ಮತ್ತೊಂದು ಸಲ ಬಿದ್ರೆ ಅಲ್ಲೇ ಮುರಿಯುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಬೈಕಂತೂ ಬೇಡವೇ ಬೇಡ," ಅಂದರು. ನನ್ನವರು ನೆಲ ನೋಡಿದರು.

ಪ್ಲೇಟು, ಸ್ಕ್ರೂಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟಿದ್ದರು. ಮನೆಗೆ ಬಂದು ಇನ್ನೂ ಸರಿಯಾಗಿ ಮಲಗಿರಲಿಲ್ಲ, ಮೈದುನ ಅದನ್ನು ಟೀಪಾಯಿ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೆದ. ಸಂಜೆಗೆ ಅದು ಅವನ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿತ್ತು: "ನಮ್ಮ ಅತ್ತಿಗೆ ಐರನ್ ಲೇಡಿ". ಪಕ್ಕದಲ್ಲಿ ಹಲ್ಲು ಕಿಸಿಯುವ ಮೂರು ಮುಖ. ನನ್ನ ತಂಗಿ ಫೋನ್ ಮಾಡಿ, "ನಿನ್ ಮೈದ್ನಂಗೆ ನಿನ್ನ ಕಂಡ್ರೆ ಎಷ್ಟು ಪ್ರೀತಿ ಅಲ್ವೇನೇ," ಅಂದಳು. ನಾನು ಫೋನಿಟ್ಟುಬಿಟ್ಟೆ.

ಇದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಎಷ್ಟೆಲ್ಲ ನುಂಗಿದ್ದೆ, ಇದೇನು ಮಹಾ. ಆದರೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳ ಸ್ಕೂಲಿನ ಮಾತು ಬಂತು. ಸ್ಕೂಲಿನ ವ್ಯಾನು ನಮ್ಮ ಮನೆಯವರೆಗೆ ಬರುವುದಿಲ್ಲ. ಮೇನ್ ರೋಡಿನವರೆಗೆ ನಾನೇ ನಡೆಸಿಕೊಂಡು ಹೋಗಿ ಹತ್ತಿಸುತ್ತಿದ್ದೆ. ಈಗ ಕಾಫಿ ಪಿಕ್ಕಿಂಗ್ ಕಾಲ, ನನ್ನವರು ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿಯಬೇಕು. ಅತ್ತೆಗೆ ಮಂಡಿನೋವು.

"ಅದಕ್ಯಾಕೆ ಯೋಚ್ನೆ?" ಅಂದರು ಅತ್ತೆ. "ಚಿಕ್ಕಪ್ಪ ಇಲ್ವಾ? ಹೆಂಗಿದ್ರೂ ಪ್ಯಾಟೆಗೆ ಹೋಯ್ತಾನೆ. ಬೈಕಲ್ಲಿ ಸೀದಾ ಸ್ಕೂಲ್ ತಾವ್ಲೇ ಬುಟ್ಟು ಹೋಗ್ಲಿ."

"ನಾಳೆಯಿಂದ್ಲೇ," ಅಂದ ಮೈದುನ. ಮಗಳು ಕುಣಿದಾಡಿದಳು. ಅದೇ ರೋಡು, ಅದೇ ತಿರುವು.

ನಾನು ನನ್ನವರ ಮುಖ ನೋಡಿದೆ. ಒಂದು ಮಾತು ಆಡಲಿ ಅಂತ ಕಾದೆ. ಅವರು ಹಲ್ಲುಕಡ್ಡಿ ಹುಡುಕುತ್ತಿದ್ದರು.

"ಬೇಡ," ಅಂದೆ.

"ಯಾಕವ್ವ?" ಅಂದರು ಅತ್ತೆ. ಯಾಕೆ ಅಂತ ಕೇಳಲು ಅವರಿಗೆ ಹೇಗೆ ಮನಸ್ಸು ಬಂತೋ. ಹೇಳಿ ಹೇಳಿ ಅವರಿಗೇ ಮೆಟ್ಟಿಲು ನಿಜವಾಗಿಬಿಟ್ಟಿತ್ತು ಅಂತ ಆಗ ನನಗೆ ಗೊತ್ತಾಯಿತು.

"ಹುಷಾರಾಗಿ ಕರ್ಕೊಂಡು ಹೋಗ್ತಾನೆ ಬಿಡು," ಅಂದರು ನನ್ನವರು, ಕೊನೆಗೂ ಬಾಯಿ ತೆರೆದು.

ಎರಡು ವರ್ಷದ ಸಿಟ್ಟು ಒಟ್ಟಿಗೇ ಬಂತು. ಇಷ್ಟು ದಿನ ಅದು ನನ್ನ ಕಾಲಿನ ಮಾತಾಗಿತ್ತು. ನನ್ನದೇನೋ ಮುರಿಯಿತು, ಕೂಡಿತು. ಇದು ನನ್ನ ಮಗಳ ಕಾಲು, ಅವಳ ತಲೆ. ಅವಳನ್ನು ಅವನ ಹಿಂದೆ ಕೂರಿಸಿ ಟಾಟಾ ಮಾಡಿ, ಸಂಜೆಯವರೆಗೆ ಮಿಷನ್ ಮುಂದೆ ಕೂತು ನಾನು ಏನು ಹೊಲಿಯಲಿ?

"ನನ್ನನ್ನೂ ಹುಷಾರಾಗೇ ಕರ್ಕೊಂಡು ಬರ್ತಿದ್ನಾ ಅವತ್ತು?" ಅಂದೆ. "ಯಾವ ಮೆಟ್ಲೂ ಜಾರಲಿಲ್ಲ ನಾನು. ಇವ್ನು ಫೋನಲ್ಲಿ ಮಾತಾಡ್ಕೊಂಡು ಬೈಕು ಬೀಳಿಸ್ದ. ನಿಲ್ಸು ಅಂತ ಹೇಳಿದ್ದೆ, ನಿಲ್ಸಲಿಲ್ಲ. ಇವ್ನ ಮದುವೆ ತಪ್ಪಿಹೋಗುತ್ತೆ ಅಂತ ಎಲ್ಲಾ ಸೇರಿ ನನ್ನ ತಲೆಗೆ ಕಟ್ಟಿದ್ರಿ. ನನ್ನ ಮಗಳು ಆ ಬೈಕ್ ಹತ್ತಲ್ಲ. ಸ್ಕೂಲ್ ಬಿಟ್ರೂ ಪರವಾಗಿಲ್ಲ."

ಮಗಳು ನನ್ನನ್ನೂ ಚಿಕ್ಕಪ್ಪನನ್ನೂ ನೋಡುತ್ತ ನಿಂತಳು.

"ಅಯ್ಯೋ, ಕಾಲು ವಾಸಿ ಆಯ್ತು, ಕಬ್ಬಿಣಾನೂ ತೆಗ್ಸಾಯ್ತು," ಅಂದರು ಅತ್ತೆ, ಗಾಬರಿಯಿಂದ ಮೈದುನನ ಹೆಂಡತಿಯ ಕಡೆ ನೋಡುತ್ತ. "ಈಗ್ಯಾಕವ್ವ ಅದೆಲ್ಲ? ಮುಗ್ದೋದ ಕತೆ."

"ನಿಮಗೆ ಮುಗಿದಿರಬಹುದು," ಅಂದೆ.

ನನ್ನ ಓರಗಿತ್ತಿ, ಆ ಹುಡುಗಿ, ಮೂಲೆಯಲ್ಲಿ ಕೂತು ಸಾರಿಗೆ ಅವರೆಕಾಳು ಹಿತಕುತ್ತಿದ್ದಳು. ಮಾತು ಕಡಿಮೆ ಅವಳದು. ಯಾರನ್ನು ಕಾಪಾಡುತ್ತೇವೆ ಅಂತ ಈ ಸುಳ್ಳನ್ನು ಇಷ್ಟು ದಿನ ಸಾಕಿದ್ದರೋ ಅವಳು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಅವತ್ತೂ ಫೋನಾ ಅಕ್ಕ?" ಅಂದಳು.

ಅವತ್ತೂ ಅಂದಳು.

"ಈಗ್ಲೂ ಹಂಗೇ ಮಾಡ್ತಾರೆ," ಅಂದಳು. "ಹಿಂದೆ ಕೂತ್ಕಂಡು ಕಣ್ಣು ಮುಚ್ಕಂಡ್ಬುಡ್ತೀನಿ. ನಮ್ಮಣ್ಣ ಕಣ್ಮುಂದೆ ಬತ್ತಾನೆ. ಕಾಲ್ ಬಂದ್ರೆ ನಿಲ್ಸಿ ಅಂತ ದಿನಾ ಬೇಡ್ಕಂತೀನಿ ಅಕ್ಕ. 'ಇವತ್ತಿನ ತಂಕ ಯಾರನ್ನಾದ್ರೂ ಬೀಳ್ಸಿದೀನೇನೇ ನಾನು?' ಅಂತಾರೆ. ಅದುಕ್ಕೆ ಏನು ಹೇಳ್ಬೇಕು ಅಂತ ನಂಗೆ ಗೊತ್ತಾಗ್ತಿರ್ಲಿಲ್ಲ."

ನನ್ನ ಒಂದು ಕಾಲು ಮುರಿದದ್ದನ್ನು ಮುಚ್ಚಿಟ್ಟು ಅವನ ಕೈಗೆ ಎಂಥ ಮಾತು ಕೊಟ್ಟಿದ್ದರು ಇವರು! ಅದನ್ನು ಹಿಡಿದುಕೊಂಡು ಅವನು ದಿನವೂ ಈ ಹುಡುಗಿಯ ಬಾಯಿ ಮುಚ್ಚಿಸುತ್ತಿದ್ದ. ನಾಳೆ ನನ್ನ ಮಗಳು ಹೆದರಿಕೆಯಾಗುತ್ತೆ ಚಿಕ್ಕಪ್ಪ ಅಂದರೂ ಅದನ್ನೇ ಹೇಳುತ್ತಿದ್ದ.

ನಾನು ವಾಕರ್ ಹಿಡಿದು ಎದ್ದೆ. ಕೂತ್ಕೋ, ಕೂತ್ಕೋ ಅಂತ ನನ್ನವರು ಕೈ ಚಾಚಿದರು. ಆ ಕೈ ಸರಿಸಿ ಮೈದುನನ ಎದುರಿಗೆ ಹೋಗಿ ನಿಂತೆ.

"ದಿನಾ ಅವಳನ್ನ ಕೇಳ್ತಿದ್ದೆಯಲ್ಲ, ಈಗ ನೀನೇ ಹೇಳು," ಅಂದೆ. "ಯಾರನ್ನ ಬೀಳ್ಸಿದೀಯ?"

ಅವನು ಅಮ್ಮನ ಕಡೆ ನೋಡಿದ. ಅತ್ತೆ ಬಾಯಿ ತೆರೆದರು.

"ನೀವಲ್ಲ ಅತ್ತೆ," ಅಂದೆ. "ಅವನು ಹೇಳ್ಲಿ. ಹೆಂಡ್ತಿ ಮುಖ ನೋಡ್ಕೊಂಡು ಹೇಳ್ಲಿ."

ಅವನು ಹೆಂಡತಿಯ ಕಡೆ ತಿರುಗಿದ. ನಾನು ಕದಲಲಿಲ್ಲ. ವಾಕರ್ ಹಿಡಿದು ಅಲ್ಲೇ ನಿಂತಿದ್ದೆ.

"ಅತ್ತಿಗೇನ ಬೀಳ್ಸಿದ್ದೆ," ಅಂದ ಅವಳಿಗೆ.