ಪೋತ್ನಾಳದ ಗೂಟ

ನಮ್ಮ ನೀರಾವರಿ ಕಚೇರಿಯ ಸಾಹೇಬರು ಒಮ್ಮೆ ಶೀತದೇಶಕ್ಕೆ ತರಬೇತಿಗೆಂದು ಹೋಗಿ ಬಂದರು. ಬರುವಾಗ ಕಿವಿ ಮುಚ್ಚುವ ಉಣ್ಣೆ ಟೋಪಿಯೊಂದನ್ನೂ ವಿಚಾರವೊಂದನ್ನೂ ತಂದರು. ಟೋಪಿ ರಾಯಚೂರಿನಲ್ಲಿ ನಡೆಯುವುದಿಲ್ಲ ಎಂಬುದು ಅವರಿಗೆ ಒಂದೇ ದಿನಕ್ಕೆ ತಿಳಿಯಿತು. ವಿಚಾರದ ವಿಷಯದಲ್ಲಿ ತಿಳಿವಳಿಕೆ ಅಷ್ಟು ಬೇಗ ಬರಲಿಲ್ಲ.

ಅಲ್ಲಿಯ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದಂತೆ. ಬೇಸಿಗೆಯಲ್ಲಿ ಮೇಲಿನ ಪದರವಷ್ಟೇ ಕರಗುತ್ತದೆ. ಪ್ರತಿ ಬೇಸಿಗೆಯ ಕೊನೆಗೆ ಜನ ಅದೇ ಜಾಗಕ್ಕೆ ಹೋಗಿ ಕಬ್ಬಿಣದ ಸರಳು ಚುಚ್ಚುತ್ತಾರೆ. ಸರಳು ಗಟ್ಟಿ ನೆಲಕ್ಕೆ ತಾಗಿ ಎಲ್ಲಿ ನಿಂತಿತೋ ಅಲ್ಲಿಯವರೆಗೆ ಕರಗಿದೆ ಎಂದು ಬರೆದುಕೊಳ್ಳುತ್ತಾರೆ. ಹೀಗೆ ದಶಕಗಟ್ಟಲೆ ನಡೆದಿದೆಯಂತೆ. ‘ಜಾಗ ಬದಲಾಗಬಾರದು ನೋಡ್ರಿ, ಅದೇ ಇದರ ಜೀವಾಳ’ ಎಂದು ಸಾಹೇಬರು ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ನಮಗೆ ವಿವರಿಸಿದರು.

ನಮ್ಮಲ್ಲಿ ಬರ್ಫ ಸಿಗುವುದು ಕಬ್ಬಿನಹಾಲಿನ ಗಾಡಿಯಲ್ಲಿ ಮಾತ್ರ. ಹಾಗಂತ ಸುಮ್ಮನಿರಲು ಸಾಹೇಬರು ಅಷ್ಟು ದೂರ ಹೋಗಿ ಬಂದಿರಲಿಲ್ಲ. ಕಾಲುವೆ ಬಂದ ಮೇಲೆ ಮಾನ್ವಿ ಕಡೆ ಭತ್ತ ಬಂತು, ಭತ್ತದ ಹಿಂದೆಯೇ ನೆಲದಡಿಯ ನೀರೂ ಮೇಲೆ ಬಂತು. ತಗ್ಗಿನ ಹೊಲಗಳು ಜವಳು ಹಿಡಿದು, ಬೇಸಿಗೆಯಲ್ಲಿ ಉಪ್ಪು ಉಕ್ಕಿ ಬೆಳ್ಳಗಾದವು. ಆ ನೀರು ಎಷ್ಟು ಆಳದಲ್ಲಿದೆ ಎಂದು ಪ್ರತಿ ವರ್ಷ ಅಳೆಯುವುದೆಂದು ತೀರ್ಮಾನವಾಯಿತು. ಎಲ್ಲಿ ನೀರು ತೀರ ಮೇಲಿದೆಯೋ ಅಲ್ಲಿ ಮೊದಲು ಬಸಿಗಾಲುವೆ ತೋಡಿ, ಬಸಿದ ನೀರನ್ನು ಹಳ್ಳಕ್ಕೆ ಬಿಡುವುದು. ಮೂರು ಕಡೆ ಗೂಟ ನೆಟ್ಟೆವು. ಗೂಟದ ಪಕ್ಕ ಬೈರಿಗೆಯಿಂದ ನೆಲ ಕೊರೆದು, ನೀರು ಜಿನುಗುವುದನ್ನು ಕಾದು, ಟೇಪು ಇಳಿಸುವ ಘನಕಾರ್ಯ ನನ್ನ ಪಾಲಿಗೆ ಬಂತು.

ದೇವದುರ್ಗ ನನ್ನ ಸ್ವಂತ ಊರು. ಅಲ್ಲಿಯ ಗೂಟಕ್ಕೆ ನಮ್ಮ ಸೋದರಮಾವನೇ ಎಮ್ಮೆ ಕಟ್ಟಿದ. ಎಮ್ಮೆ ಗೂಟದ ಸಮೇತ ಹೊರಟುಹೋಯಿತು. ಸಿರವಾರದ ಗೂಟ ಟ್ರ್ಯಾಕ್ಟರಿನ ಕೆಳಗೆ ಹೋಯಿತು. ಉಳಿದದ್ದು ಪೋತ್ನಾಳದ ಹೊರಗೆ ಒಬ್ಬ ಮುದುಕಿಯ ಹೊಲದಲ್ಲಿದ್ದದ್ದು ಮಾತ್ರ. ಹೊಲದ ತಗ್ಗಿನ ಮೂಲೆಯಲ್ಲಿ, ಭತ್ತದ ಸಸಿ ಕೆಂಪಾಗಿ ಸಾಯುತ್ತಿದ್ದಲ್ಲಿ, ಅದನ್ನು ನೆಟ್ಟಿದ್ದೆವು. ಆಕೆಗೆ ಇದ್ದದ್ದು ಅದೊಂದೇ ಹೊಲ.

ಬೇಸಿಗೆ ಬೆಳೆ ಕೊಯ್ದ ಮೇಲೆ ನಾವು ಹೋದಾಗಲೆಲ್ಲ ಆಕೆ ಮಂಡಕ್ಕಿ ಒಗ್ಗರಣೆ ತಂದಿಟ್ಟು ಒಂದೇ ಮಾತು ಕೇಳುತ್ತಿದ್ದಳು. ‘ಬಸಿಗಾಲುವಿ ಯಾವಾಗ ಬರ್ತದ ತಮ್ಮಾ? ಉಪ್ಪು ಮ್ಯಾಲ ಮ್ಯಾಲ ಏರಾಕತ್ತದ.’

ನಾನು ಟೇಪು ನೋಡಿ, ‘ನೀರು ಇಳದದಲ್ಲ ಯವ್ವಾ, ಚಲೋ ಆಗಾಕತ್ತದ’ ಎನ್ನುತ್ತಿದ್ದೆ. ಸುಳ್ಳಲ್ಲ, ನೀರು ಪ್ರತಿ ವರ್ಷ ಒಂದಿಷ್ಟು ಆಳಕ್ಕೆ ಹೋಗುತ್ತಿತ್ತು. ಸಾಹೇಬರು ಅದನ್ನು ಗೆರೆಯಾಗಿ ಎಳೆದು ದೊಡ್ಡ ಸಭೆಗಳಲ್ಲಿ ಗೋಡೆಯ ಮೇಲೆ ಬಿಟ್ಟು ತೋರಿಸಿದರು. ಭೂಮಿ ತಾನಾಗಿಯೇ ಸುಧಾರಿಸಿಕೊಳ್ಳುತ್ತಿದೆ ಎಂದು ಭಾಷಣ ಮಾಡಿದರು. ಗೆರೆ ಅಷ್ಟು ನುಣುಪಾಗಿತ್ತು. ಬಸಿಗಾಲುವೆ ಬೇರೆ ಊರಿನ ಕಡೆ ತಿರುಗಿತು.

ಒಂದು ವರ್ಷ ಬೈರಿಗೆ ತಿರುಗಿಸುತ್ತಿದ್ದಾಗ ಅದು ಬೇರಿಗೆ ಸಿಕ್ಕಿಕೊಂಡಿತು. ತಲೆ ಎತ್ತಿ ನೋಡಿದರೆ ನಾನು ಬೇವಿನ ಗಿಡದ ಕೆಳಗೆ, ದಿಬ್ಬದ ಮೇಲೆ, ತಣ್ಣಗೆ ನಿಂತಿದ್ದೇನೆ. ತಗ್ಗಿನ ಮೂಲೆ ದೂರದಲ್ಲಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಗೂಟ ಎಲ್ಲಿದೆಯೋ ಅಲ್ಲಿ ಕೊರೆಯುವುದು ನಮ್ಮ ಕೆಲಸ. ಗೂಟ ಎಲ್ಲಿರಬೇಕು ಎಂದು ಕೇಳುವಷ್ಟು ಸಂಬಳ ನಮಗಾರಿಗೂ ಇರಲಿಲ್ಲ.

‘ಯವ್ವಾ, ಈ ಗೂಟ ಇಲ್ಲಿಗೆ ಹೆಂಗ ಬಂತು?’

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ‘ನೀವು ಆ ಕೆಸರಾಗ ಕಾಲು ಹುಗಿಸಿಕೊಂಡು, ಸುಡು ಬಿಸಿಲಾಗ ನಿಂದರ್ತಿದ್ರಿ. ಮನಿಗೆ ಬಂದೋರನ್ನ ಬಿಸಿಲಾಗ ನಿಲ್ಸಿ ನಾ ನೆಳ್ಳಾಗ ಹೆಂಗ ಕುಂದರ್ಲಿ? ಅದಕ್ಕ ವರ್ಷಾ ನೀವು ಬರೂ ಮುಂದ ಗಿಡದ ಕಡಿ ಒಂದೀಟು ಸರಿಸ್ತಿದ್ದೆ.’

‘ಒಮ್ಮೆಲೆ ಯಾಕ ಸರಿಸಲಿಲ್ಲ?’

‘ಒಮ್ಮೆಲೆ ಸರಿಸಿದ್ರ ಸರಕಾರದ ಗೂಟ ಯಾಕ ಮುಟ್ಟಿದಿ ಅಂತ ಬೈತಿದ್ರೆಲ್ಲ.’

ಸಾಹೇಬರು ಊರೂರು ತಿರುಗಿ ತೋರಿಸಿದ ಸುಧಾರಣೆ ಇದು. ನೀರು ಇಳಿದಿರಲಿಲ್ಲ, ಗೂಟ ದಿಬ್ಬ ಏರಿತ್ತು. ನನಗೆ ನಗು ಬಂತು. ಆದರೆ ನಮ್ಮ ಮೇಲಿನ ಮರ್ಯಾದೆಗೆ ಆಕೆ ತನ್ನ ಬಸಿಗಾಲುವೆಯನ್ನೇ ಕೊಟ್ಟುಬಿಟ್ಟಿದ್ದಳು, ಅದು ಆಕೆಗೆ ಗೊತ್ತೂ ಇರಲಿಲ್ಲ.

ರಾಯಚೂರಿಗೆ ಬಂದು ಸಾಹೇಬರಿಗೆ ಹೇಳಿದೆ. ಅವರು ಗೆರೆಯ ಹಾಳೆ ತೆಗೆದು ಅದರ ಮೇಲೆ ಬೆರಳಾಡಿಸಿದರು.

‘ಒಮ್ಮಿಂದೊಮ್ಮೆಲೆ ಗೆರಿ ತಿರುಗಿದ್ರ ಮ್ಯಾಲಿನವ್ರು ಏನಂತಾರ? ನೀ ಹಿಂಗ ಮಾಡು. ಗೂಟಾನ ವರ್ಷಕ್ಕ ಒಂದೀಟು ಹಿಂದಕ್ಕ ಸರಿಸ್ಕೋತ ಹೋಗು. ಕೆಡೂದೂ ಸಾವಕಾಶ ಕೆಡ್ಲಿ.’

ಸರಕಾರದ ಗೂಟದ ವಿಷಯದಲ್ಲಿ ಅವರ ಬುದ್ಧಿಯೂ ಮುದುಕಿಯ ಬುದ್ಧಿಯೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದವು. ವ್ಯತ್ಯಾಸವೆಂದರೆ ಆಕೆ ಸರಿಸಿದ್ದು ಬೇರೆಯವರ ತಲೆಗೆ ನೆರಳಾಗಲಿ ಎಂದು.

ನಾನು ಸಾಹೇಬರ ಮಾತು ಕೇಳಲಿಲ್ಲ. ಮರುದಿನವೇ ಹೋಗಿ ಗೂಟ ಕಿತ್ತು ಮೊದಲಿನ ತಗ್ಗಿನ ಮೂಲೆಯಲ್ಲೇ ನೆಟ್ಟೆ. ಬೈರಿಗೆ ಎರಡು ಸುತ್ತು ತಿರುಗುವುದರೊಳಗೆ ನೀರು ಬಂತು.

‘ನಿನ್ನ ಹೊಲ ಪೂರಾ ಕೆಟ್ಟದ ಯವ್ವಾ’ ಎಂದೆ.

‘ನಾ ಹೇಳಿದ್ದಿಲ್ಲೇನು?’ ಎಂದಳು. ಅಷ್ಟು ವರ್ಷಗಳಲ್ಲಿ ಆಕೆಯ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಆ ಅಂಕಿಯನ್ನು ಸಾಹೇಬರು ಅಳತೆಯ ತಪ್ಪೆಂದು ಬದಿಗಿಟ್ಟರು. ಗೆರೆಯ ಮರ್ಯಾದೆ ಉಳಿಯಿತು.

ಈ ಬೇಸಿಗೆ ಮತ್ತೆ ಹೋದೆ. ಆಕೆ ಕರಿ ಕೊಡೆ ಬಿಚ್ಚಿಕೊಂಡು ಬಂದು, ನನ್ನ ಜೊತೆ ಕೆಸರಲ್ಲಿ ನಿಂತು, ನನ್ನ ತಲೆಯ ಮೇಲೆ ಹಿಡಿದಳು. ಗಿಡದ ಕೆಳಗೆ ಹೋಗಿ ಕೂತುಕೋ ಎಂದೆ. ಗಿಡದ ಕಡೆ ಕೈ ತೋರಿಸಿದಳು. ಬೇವು ಎಲೆ ಉದುರಿಸಿ ನಿಂತಿತ್ತು. ಉಪ್ಪು ದಿಬ್ಬಕ್ಕೂ ಏರಿ, ಬುಡದ ಸುತ್ತ ಮಣ್ಣು ಬೆಳ್ಳಗಾಗಿತ್ತು. ಇನ್ನು ಗೂಟವನ್ನು ಆ ಹೊಲದಲ್ಲಿ ಎಲ್ಲಿ ನೆಟ್ಟರೂ ಸಾಹೇಬರ ಗೆರೆ ಉಳಿಯುವುದಿಲ್ಲ.

‘ಈಗಾರ ಕೆಟ್ಟದ ಅಂತ ಬರೀತಾರೇನು ತಮ್ಮಾ?’ ಎಂದು ಕೇಳಿದಳು.