ನಿಂತ ಗಾಳಿಯಲ್ಲಿ ಬಸಲಿಂಗಪ್ಪ ಮಾಸ್ತರು

ಹೋದ ಕಾರ್ತಿಕದ ಒಂದು ರವಿವಾರ, ಬಿಸಿಲು ಏರಿದ ಹೊತ್ತಿನಲ್ಲಿ, ನಾನು ಬೀಳಗಿ ಕಡೆಯ ಹಿನ್ನೀರಿನ ದಂಡೆಯಲ್ಲಿ, ಹಳೆಯ ಡಾಂಬರು ರಸ್ತೆಯ ಮೇಲೆ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಮುಳುಗಿದ ಊರೊಂದಕ್ಕೆ ಹೋಗುತ್ತಿದ್ದ ರಸ್ತೆ ಅದು. ಈಗ ನೇರವಾಗಿ ನೀರೊಳಗೆ ಇಳಿದು ಕಾಣದಾಗುತ್ತದೆ. ನನ್ನ ಪಕ್ಕದಲ್ಲಿ ಬಾವುಟ ಕಟ್ಟಿದ ಬಿದಿರು ನೆಟ್ಟಿದ್ದೆವು. ಎದುರಿಗೆ, ಆಳದಲ್ಲಿ, ಕಲ್ಲು ಕಟ್ಟಿ ತೇಲಿಬಿಟ್ಟ ನೀಲಿ ಡ್ರಮ್ಮು. ಬಿದಿರಿನಿಂದ ಡ್ರಮ್ಮಿಗೆ ಕಣ್ಣಲ್ಲೇ ಎಳೆದುಕೊಳ್ಳಬೇಕಾದ ಗೆರೆ ನಮ್ಮ ಪಂದ್ಯದ ಕೊನೆ. ಆ ಗೆರೆ ಮುಟ್ಟಲು ಸ್ವಲ್ಪವೇ ಉಳಿದಿರುವಲ್ಲಿ, ಮೆಲ್ಲಗೆ ಮಾತಾಡಿದರೂ ಕೇಳುವಷ್ಟು ದೂರದಲ್ಲಿ, ಬಸಲಿಂಗಪ್ಪ ಮಾಸ್ತರು ತಮ್ಮ ಹಲಗೆಯ ಮೇಲೆ ಹಾಯಿ ಹಿಡಿದು ನಿಂತಿದ್ದರು. ಗಾಳಿ ನಿಂತುಹೋಗಿತ್ತು.

ಅಂದು ಆದದ್ದನ್ನು ಈಗ ಜಮಖಂಡಿಯಲ್ಲಿ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ನಾನು ಕಂಡಷ್ಟನ್ನು ಮಾತ್ರ ಬರೆಯುತ್ತೇನೆ. ಆದರೆ ಮೊದಲು ಅವರು ಎಂಥವರಿದ್ದರೆಂದು ಹೇಳದಿದ್ದರೆ, ನಾವು ಯಾಕೆ ಹಾಗೆ ನಡೆದುಕೊಂಡೆವೆಂಬುದು ಯಾರಿಗೂ ತಿಳಿಯುವುದಿಲ್ಲ.

ಮಾಸ್ತರು ಜಮಖಂಡಿಯ ನಮ್ಮ ಸಾಲೆಯಲ್ಲಿ ಪಿ.ಟಿ. ಕಲಿಸುತ್ತಿದ್ದರು. ಅಗಲವಾದ ಎದೆ, ಅದಕ್ಕಿಂತ ಅಗಲವಾದ ಹೊಟ್ಟೆ, ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸ್ಟೀಲಿನ ಸೀಟಿ. ಸೀಟಿ ಊದಿದರೆ ಮೈದಾನದಲ್ಲಿ ಯಾರು ಹೇಗಿದ್ದರೋ ಹಾಗೇ ನಿಲ್ಲಬೇಕು. ಓಡುತ್ತಿದ್ದವನು ಎತ್ತಿದ ಕಾಲನ್ನು ಕೆಳಗಿಡಬಾರದು. ಐದನೆಯ ಇಯತ್ತೆಯಿಂದ ಹತ್ತನೆಯದರ ತನಕ ಅದೇ ಪಾಠ. ಆ ಸೀಟಿ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ, ಸೀದಾ ಕಾಲಿಗೆ ಹೋಗುತ್ತಿತ್ತು.

ನಿವೃತ್ತರಾದ ಮೇಲೂ ಸೀಟಿ ಕೊರಳಿನಿಂದ ಇಳಿಯಲಿಲ್ಲ. ಒಮ್ಮೆ ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತರುಣ ಸೀಟು ಹಿಡಿಯಲೆಂದು ಕಿಟಕಿಯಿಂದ ತೂರುತ್ತಿದ್ದ. ಮಾಸ್ತರು ಜೋರಾಗಿ ಸೀಟಿ ಊದಿದರು. ಹೊರಟಿದ್ದ ಇನ್ನೊಂದು ಬಸ್ಸು ಗಕ್ಕನೆ ನಿಂತಿತು. ಚಾದಂಗಡಿಯಲ್ಲಿ ಕೂತಿದ್ದ ಮೂವರು ನಡುವಯಸ್ಸಿನವರು ಬಶಿ ಹಿಡಿದುಕೊಂಡೇ ಎದ್ದು ನೆಟ್ಟಗೆ ನಿಂತರು. ಮೂವರೂ ನಮ್ಮ ಸಾಲೆಯವರು. ಕಿಟಕಿಯಲ್ಲಿದ್ದವನು ಮಾತ್ರ ನಮ್ಮ ಸಾಲೆಯವನಲ್ಲ, ಒಳಗೆ ಹೋಗಿ ಆರಾಮವಾಗಿ ಕೂತ. ಮಾಸ್ತರು ಚಾದವರ ಕಡೆ ತಿರುಗಿ, “ನಿಮಗ್ಯಾರ ಊದಿದ್ರಲೇ? ಕುಂಡ್ರಿ, ಚಾ ಆರತೈತಿ” ಎಂದರು.

ಸಾಲೆಯ ಪ್ರವಾಸದಲ್ಲಿ ಒಮ್ಮೆ ಗೋವಾಕ್ಕೆ ಹೋದಾಗ ಅವರು ವಿಂಡ್‌ಸರ್ಫಿಂಗ್ ನೋಡಿದ್ದರು. ಉದ್ದನೆಯ ತೇಲುಹಲಗೆ, ನಡುವೆ ಒಂದು ಕಂಬ, ಕಂಬಕ್ಕೆ ಹಾಯಿ. ಆ ಹಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಹಲಗೆಯ ಮೇಲೆ ನಿಂತೇ ಸಾಗಬೇಕು. ನಿವೃತ್ತಿಯ ನಂತರ ಗೋವಾದಿಂದಲೇ ಹಳೆಯ ಹಲಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಹಾಯಿ ಹರಿದರೆ ಬನಹಟ್ಟಿಗೆ ಒಯ್ದು ತಾಡಪತ್ರಿ ಹೊಲಿಯುವವರ ಕೈಯಲ್ಲಿ ತೇಪೆ ಹಾಕಿಸುತ್ತಿದ್ದರು. ಮನೆಮನೆಗೆ ಬಂದು ನಮ್ಮನ್ನು ಎಬ್ಬಿಸಿದರು. ಹೀಗೆ ಕ್ಲಬ್ ಆಯಿತು: ಜಮಖಂಡಿಯ ಬ್ಯಾಂಕೊಂದರ ಸಾವಿತ್ರಿ, ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿರುವ ಇರ್ಫಾನ್, ಮುಧೋಳದಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟ ಹನಮಂತ, ಸರ್ವೆ ಕಚೇರಿಯ ನಾನು. ಎಲ್ಲರೂ ಅವರ ಶಿಷ್ಯರು. ನನಗೆ ಈಜು ಬರುವುದಿಲ್ಲ. “ನೀ ಗೆರಿ ನೋಡ ಸರ್ವೇಸಾಹೇಬ. ಹುಟ್ಟಿದ್ದ ಅದಕ್ಕ” ಎಂದು ಬಿದಿರು ಕೊಟ್ಟು ನಿಲ್ಲಿಸಿದರು. ಹನಮಂತನಿಗೆ ಮೋಟರ್ ದೋಣಿ.

ಮಳೆಗಾಲ ಮುಗಿದ ಮೇಲೆ ನಮ್ಮ ಹಿನ್ನೀರು ತುಂಬಿರುತ್ತದೆ, ಗಾಳಿ ಮಾತ್ರ ಇರುವುದಿಲ್ಲ. ಇದ್ದರೂ ಹಾಯಿ ತುಂಬಿತೋ ಇಲ್ಲವೋ ಎಂಬಷ್ಟು. ಅಂಥ ಗಾಳಿಯಲ್ಲಿ ಹಲಗೆಯ ಮೇಲೆ ಅಲುಗಾಡಬಾರದು. ಕಾಲು ಬದಲಿಸಿದರೂ ಹಾಯಿಯಲ್ಲಿದ್ದ ಅಷ್ಟಿಷ್ಟು ಗಾಳಿ ಚೆಲ್ಲಿಹೋಗುತ್ತದೆ. ಇಂಥ ದಿನ ಹಗುರಾದವರು ಗೆಲ್ಲುತ್ತಾರೆ. ಸಾವಿತ್ರಿ ಬಡಕಲು ಹೆಣ್ಣುಮಗಳು, ಪ್ರತಿಸಲ ಅವಳದೇ ಗೆಲುವು. ಮಾಸ್ತರದು ಪ್ರತಿಸಲ ಕೊನೆ.

“ಸರ, ನಿಮ್ಮ ಹಲಗಿಗೆ ಗಾಳಿ ಸಾಲಂಗಿಲ್ರಿ. ಎತ್ತ ಹೂಡ್ರಿ” ಎಂದು ಅವಳು ದಂಡೆಯಿಂದ ಕೂಗುತ್ತಿದ್ದಳು.

“ನಗಬೇ, ನಗು. ಒಂದಿನ ನಿನ್ನ ಹಿಂದ ಹಾಕತೇನಿ. ಅವತ್ತ ಈ ನೀರಿಗೆ ನಾ ಕೇಳೂದ ಮತ್ತೇನೂ ಇಲ್ಲ.”

ಇದನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಹೋದ ವರ್ಷ ಅದು ತಮಾಷೆಯಾಗಿ ಉಳಿಯಲಿಲ್ಲ. ಹೋಳಿಗೆ ಬಿಟ್ಟರು, ತುಪ್ಪ ಬಿಟ್ಟರು, ರಾತ್ರಿ ರೊಟ್ಟಿ ಬಿಟ್ಟರು. ಅವರ ಹೆಂಡತಿ, ನಾವು ಅಮ್ಮಾರ ಎನ್ನುವವರು, ನನ್ನೆದುರೇ ಬೈದರು: “ಮನ್ಯಾಗ ಹೋಳಿಗಿ ಬೇಯಾಕತ್ರ ಹೊರಗ ಎದ್ದ ಹೋಗತಾರ. ಅರವತ್ತ ದಾಟಿದ ಮ್ಯಾಲ ಯಾರಿಗೆ ತೋರಸಾಕರೀ ಈ ವ್ರತಾ?” ಮಾಸ್ತರು ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಹಾಕುತ್ತಿದ್ದರು.

ಎಂಜಿನ್ನಿನ ನಿಯಮವನ್ನೂ ಹೇಳಬೇಕು. ಗಾಳಿ ಇಲ್ಲದ ದಿನ ದೋಣಿ ಓಡಿದರೆ ಅದರ ತೆರೆಗೆ ಹಲಗೆಗಳು ಹೊಯ್ದಾಡಿ ಹಾಯಿಗಳೆಲ್ಲ ಬರಿದಾಗುತ್ತವೆ. ಹಿಂದೊಮ್ಮೆ ಹನಮಂತ ಬೇಸರಾಗಿ ಪಂದ್ಯದ ನಡುವೆ ಎಂಜಿನ್ ಚಾಲೂ ಮಾಡಿ ಒಂದು ಸುತ್ತು ಹೊಡೆದಿದ್ದ. ಮಾಸ್ತರು ಪಂದ್ಯ ರದ್ದು ಮಾಡಿ, ಹಲಗೆಗಳನ್ನೆಲ್ಲ ಅವನೊಬ್ಬನ ಹೆಗಲ ಮೇಲೆ ರಸ್ತೆಯ ತುದಿಯ ತನಕ ಹೊರಿಸಿದರು. ಅಂದಿನಿಂದ, ಎಂಜಿನ್ ಸದ್ದು ಬಂತೆಂದರೆ ಪಂದ್ಯ ಹೋಯಿತು.

ಆ ರವಿವಾರ ಮೂರು ಹಲಗೆ ಹೊರಟವು: ಮಾಸ್ತರದು, ಸಾವಿತ್ರಿಯದು, ಇರ್ಫಾನನದು. ದೂರದಲ್ಲಿ ತೇಲಿಬಿಟ್ಟ ಗುರುತನ್ನು ಸುತ್ತಿ ಬರುವಾಗ ಸಾವಿತ್ರಿ ದಂಡೆಗುಂಟ ಬೆಳೆದ ಆಪಿನ ಹುಲ್ಲಿನ ಕಡೆ ಗಾಳಿ ಇದೆಯೆಂದು ಹೋಗಿ ಅಲ್ಲೇ ನಿಂತುಬಿಟ್ಟಳು. ಇರ್ಫಾನ್ ಅವಳ ಹಿಂದೆ. ಮಾಸ್ತರು ನಡುನೀರಿನಲ್ಲಿ ಒಬ್ಬರೇ, ಇಂಚಿಂಚು, ಮುಂದೆ ಬಂದರು. ಅವರನ್ನು ಮೊದಲ ಜಾಗದಲ್ಲಿ ನಾನು ಎಂದೂ ಕಂಡಿರಲಿಲ್ಲ. ಬಾವುಟದ ಬಟ್ಟೆ ಬಿದಿರಿಗೆ ಅಂಟಿಕೊಂಡಿತು. ಅವರೂ ನಿಂತರು.

“ಸರ್ವೇಸಾಹೇಬ, ಗೆರಿ ಅಲ್ಲೇ ಐತೇನಲೇ? ನಾ ಬಂದಂಗ ಹಿಂದ ಸರಿಯಾಕತ್ತೈತಿ.”

“ಅಲ್ಲೇ ಐತ್ರಿ ಸರ.”

“ಸಾವಿತ್ರೀ, ಎತ್ತ ಸಿಕ್ಕೂವೇನಬೇ?” ಎಂದು ಹಿಂದೆ ತಿರುಗದೆಯೇ ಕೂಗಿದರು. ಅವಳ ನಗು ನೀರಿನ ಮೇಲೆ ತೇಲಿ ಬಂತು.

ಆಮೇಲೆ ಅವರು ಒಂದು ಕೈ ಬಿಟ್ಟು ಇನ್ನೊಂದು ತೋಳನ್ನು ತಿಕ್ಕಿಕೊಂಡರು. “ಕೈ ಜೋಮ ಹಿಡದೈತಿ” ಎಂದರು. ಹಾಯಿ ಹಿಡಿದು ಅಷ್ಟು ಹೊತ್ತು ನಿಂತರೆ ಎಲ್ಲರ ಕೈಯೂ ಜೋಮು ಹಿಡಿಯುತ್ತದೆ. ನಾನು ಗೆರೆಯನ್ನೇ ನೋಡುತ್ತಿದ್ದೆ. ಆಮೇಲೆ ಅವರು ಹಾಯಿ ಕೆಳಗೆ ಬಿಟ್ಟು ಹಲಗೆಯ ಮೇಲೆ ಕುಸಿದು ಕೂತರು. ಗೆರೆಯ ಎದುರಿಗೆ ಬಂದು ಹಾಯಿ ಬಿಡುವವರು ಯಾರೂ ಇಲ್ಲ. ನನಗೆ ತಿಳಿದದ್ದು ಆವಾಗ.

“ಹನಮಂತಾ, ಎಂಜಿನ್ ಚಾಲೂ ಮಾಡೋ! ಸರಗ ಏನೋ ಆಗೈತಿ!” ಎಂದು ಚೀರಿದೆ. ದೋಣಿ ದೂರದ ಗುರುತಿನ ಹತ್ತಿರ ಇತ್ತು. ಹನಮಂತ ಹಗ್ಗ ಜಗ್ಗಿದ. ಎಂಜಿನ್ ಹತ್ತಿತು. ಆಪಿನ ಕಡೆಯಿಂದ ಸಾವಿತ್ರಿ, ಇರ್ಫಾನ್ ಇಬ್ಬರೂ ಹಾಯಿ ಬಿಟ್ಟು ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರು ಜಗ್ಗತೊಡಗಿದರು. ನಾನು ಆಳದ ಕಡೆ ಒಂದು ಹೆಜ್ಜೆ ಇಟ್ಟೆ.

ಆಗ ಮಾಸ್ತರು ಸೀಟಿ ಊದಿದರು.

ಒಂದೇ ಸಲ, ಉದ್ದಕ್ಕೆ. ಎಂಜಿನ್ ನಿಂತಿತು. ಇರ್ಫಾನನ ಕೈ ನೀರಿನ ಮೇಲೆ ಎತ್ತಿದಲ್ಲೇ ನಿಂತಿತು. ಸಾವಿತ್ರಿ ತಲೆ ಎತ್ತಿದಳು. ನಾನೂ ನಿಂತೆ. ಎಷ್ಟು ಹೊತ್ತೆಂದು ಹೇಳಲಾರೆ, ಹೇಳಿದರೆ ಊಹೆಯಾಗುತ್ತದೆ. ಹನಮಂತ ಈಗಲೂ ಹೇಳುವುದು ಇಷ್ಟೇ: “ನಾ ಬಂದ್ ಮಾಡಲಿಲ್ಲೋ. ಕೈ ಬಂದ್ ಮಾಡ್ತು.”

ಅಷ್ಟರಲ್ಲಿ ಮಾಸ್ತರು ಮೊಣಕಾಲೂರಿ ಎದ್ದು, ಹಾಯಿಯ ಹಗ್ಗ ಹಿಡಿದು ಎಳೆಯುತ್ತಿದ್ದರು. “ತಡೀರಿ. ಬರತೈತಿ ಗಾಳಿ” ಎಂದರು. ಈ ಮಾತು ನಾನು ಸ್ಪಷ್ಟವಾಗಿ ಕೇಳಿದ್ದೇನೆ. ಹಾಯಿ ಅರ್ಧ ಎದ್ದಿತು, ಅದರಿಂದ ನೀರು ಸುರಿಯಿತು, ಮತ್ತೆ ಬಿತ್ತು. ಅವರು ಅದರ ಮೇಲೆಯೇ ತಲೆ ಇಟ್ಟರು.

ಮೊದಲು ಕದಲಿದವಳು ಸಾವಿತ್ರಿ. ಹನಮಂತ ಮತ್ತೆ ಹಗ್ಗ ಜಗ್ಗಿದ, ಜಗ್ಗಿದ, ಎಂಜಿನ್ ಕೂಡಲೇ ಹತ್ತಲಿಲ್ಲ. ನಾನು ರಸ್ತೆಯ ಮೇಲೆ ನಡೆಯುತ್ತ ಎದೆಯುದ್ದ ನೀರಿಗೆ ಬಂದೆ. ಮುಂದೆ ಕಾಲಿಗೆ ಡಾಂಬರು ಸಿಗಲಿಲ್ಲ. ಅವರ ಬೆನ್ನು ನನಗೆ ಕಾಣುತ್ತಿತ್ತು, ಒದ್ದೆ ಅಂಗಿಯ ಹೊಲಿಗೆಯೂ ಕಾಣುತ್ತಿತ್ತು. “ಸರ, ಸರ” ಎಂದು ಕರೆಯುತ್ತಿದ್ದೆ. ಅದನ್ನು ಬಿಟ್ಟು ನನ್ನಿಂದ ಮತ್ತೇನೂ ಆಗುವಂತಿರಲಿಲ್ಲ. ಸಾವಿತ್ರಿ ಅವರನ್ನು ಮುಟ್ಟಿ, ಮುಖ ಹೊರಳಿಸಿ, ಎದೆ ಒತ್ತತೊಡಗಿದಳು. ಕೊನೆಗೆ ದೋಣಿ ಬಂತು. ಇರ್ಫಾನನ ಕಾರಿನಲ್ಲಿ ಬೀಳಗಿಗೆ ಒಯ್ದೆವು. ಡಾಕ್ಟರು ನೋಡಿ, ಹೋಗಿದ್ದಾರೆ ಎಂದರು. ದೋಣಿ ಆ ಮೊದಲ ಸಲವೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಹನಮಂತ ಕೇಳಿದ. ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟು, ಅದನ್ನು ಹೇಳಲಿಕ್ಕೆ ಬರುವುದಿಲ್ಲ ಎಂದರು.

ಶ್ರದ್ಧಾಂಜಲಿ ಸಭೆಯಲ್ಲಿ, ಮಾಸ್ತರು ಗೆದ್ದು ಹೋದರು ಎಂದು ಒಬ್ಬರು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಸಾವಿತ್ರಿ ಎದ್ದು ಹೊರಗೆ ಹೋದಳು.

ಕೆಲವು ದಿನಗಳ ಮೇಲೆ ನಾನು ಜಮಖಂಡಿಯ ಅವರ ಮನೆಗೆ ಹೋದೆ. ಅಮ್ಮಾರು ಪಡಸಾಲೆಯಲ್ಲಿ ಕೂತಿದ್ದರು. ನೀರು ಕೊಟ್ಟರು. ಆಮೇಲೆ ಕೇಳಿದರು: “ಗೆರಿ ನೋಡಾವ್ರು ನೀವ ಅಲ್ಲೇನ್ರೀ? ಮುಟ್ಟಿದ್ರೇನು?”

“ಇಲ್ರಿ ಅಮ್ಮಾರ. ಮುಟ್ಟಲಿಲ್ಲ.”

“ಎಷ್ಟ ಉಳದಿತ್ತು?”

ನಾನು ತಿರುಗಿ ನೋಡಿದೆ. “ಇಲ್ಲಿಂದ ನಿಮ್ಮ ಹಿತ್ತಲ ಬಾಗಿಲದ ತನಕಾ ರೀ.”

ಅವರು ಹಿತ್ತಲ ಬಾಗಿಲನ್ನು ನೋಡಿದರು. ನಡುವೆ ಒಂದು ಕಂಬ, ಗೋಡೆಗೆ ಒರಗಿಸಿದ ಒಂದು ಚಾಪೆ, ಅಷ್ಟೇ.

“ಇಷ್ಟ ಏನ್ರೀ?” ಎಂದರು.

ದೂರ ಅಷ್ಟೇ ಇತ್ತು. ಇದನ್ನು ನಾನಲ್ಲದೆ ಇನ್ನೂ ಮೂವರು ಕಂಡಿದ್ದಾರೆ: ಆಪಿನ ಕಡೆಯಿಂದ ಸಾವಿತ್ರಿ, ಅವಳ ಹಿಂದಿನಿಂದ ಇರ್ಫಾನ್, ದೋಣಿಯಿಂದ ಹನಮಂತ. ಮೂವರೂ ಇದ್ದಾರೆ, ಬೇಕಾದವರು ಕೇಳಿ ನೋಡಬಹುದು.